ಅತ್ತೆ ನಾರ್ವೆಗೆ ಮಣ್ಣಿಗೆ ಬಂದದ್ದು

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಬದುಕಿದ್ದವರ ಮನೆಗೆ ಹೋಗುವವಳಲ್ಲ. ಸತ್ತರೆ ಮಾತ್ರ ತಪ್ಪಿಸುವವಳಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳಲ್ಲಿ ನಮ್ಮ ಬಳಗದವರು ಯಾರೇ ಕಣ್ಣು ಮುಚ್ಚಲಿ, ಅತ್ತೆ ಬಂದು ಒಂದು ಹಿಡಿ ಮಣ್ಣು ಹಾಕದೆ ಕುಣಿ ಮುಚ್ಚಿದ್ದು ನನಗಂತೂ ಗೊತ್ತಿಲ್ಲ! ಅವಳು ಊರಲ್ಲಿಲ್ಲದ ದಿನ ನೋಡಿ ಪ್ರಾಣ ಬಿಟ್ಟವರೂ ಇದ್ದರು. ಅವರೂ ಪಾರಾಗಲಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ಹೆಣದ ಹಿಂದೆ ಹೋಗುವುದಕ್ಕೆ ‘ಮಣ್ಣಿಗೆ ಹೋಗುವುದು’ ಎನ್ನುತ್ತಾರೆ. ಸತ್ತವರನ್ನು ಕುಣಿಯೊಳಗೆ ಕೂಡಿಸುತ್ತಾರೆ. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಮದುವೆಗೆ ಬರದಿದ್ದರೆ ನಡೆಯುತ್ತದೆ, ಹೆಸರಿಡುವ ದಿನ ಬರದಿದ್ದರೂ ನಡೆಯುತ್ತದೆ. ಮಣ್ಣಿಗೆ ಬರಲಿಲ್ಲವೋ, ಮೊಮ್ಮಕ್ಕಳ ಕಾಲದವರೆಗೆ ಮಾತು ಬಂದ್. ಸುದ್ದಿ ಮುಟ್ಟಿಸದಿದ್ದರಂತೂ ಮುಗಿದೇ ಹೋಯಿತು.

ಮಣ್ಣಿಗೆ ಹೋದವಳು ಮೂಲೆಯಲ್ಲಿ ಕೂತು ನಾಲ್ಕು ಹನಿ ಕಣ್ಣೀರು ಹಾಕಿ ಬರುತ್ತಾಳೆಂದು ತಿಳಿದಿರೇನು? ಜಗಳ ಮಾಡದೆ ಬಂದ ಮಣ್ಣೇ ಇಲ್ಲ. ತಾಳಿಕೋಟೆಯ ಹತ್ತಿರ ಒಬ್ಬ ದೊಡ್ಡ ಗೌಡರು ತೀರಿಕೊಂಡಾಗ ಕುಣಿ ಸಣ್ಣದಾಯಿತೆಂದು ಇವಳ ತಕರಾರು. ತೋಡಿದವರು ಒಪ್ಪಲಿಲ್ಲ. ಅತ್ತೆ ಸೆರಗು ಸಿಕ್ಕಿಸಿಕೊಂಡು ಸೀದಾ ಕುಣಿಗೆ ಇಳಿದಳು! ಗೌಡರು ಕೂಡಬೇಕಾದ ಗೂಡಿನಲ್ಲಿ ತಾನೇ ಚಕ್ಕಳಮಕ್ಕಳ ಹಾಕಿ ಕೂತಳು. ಆ ಕಡೆ ಈ ಕಡೆ ಹೊರಳಾಡಿ ನೋಡಿದಳು.

“ನನಗ ಮೊಣಕಾಲು ಬಡೀತಾವು. ಗೌಡ್ರು ನನಗಿಂತ ಎತ್ತರ ಇದ್ರು. ಇನ್ನೊಂದು ಗೇಣು ತೋಡ್ರಿ.”

ಹೆಣ ಕೂಡಿಸಿ ಹೊರುವ, ಅಲಂಕಾರ ಮಾಡಿದ ವಿಮಾನದಲ್ಲಿ ಗೌಡರು, ಕುಣಿಯಲ್ಲಿ ಅತ್ತೆ. ಇನ್ನೊಂದು ಗೇಣು ತೋಡುವವರೆಗೆ ಮೇಲೆ ಬರಲಿಲ್ಲ. ಗೌಡರ ಹಿರಿಮಗ ಅಳುವುದನ್ನು ಬಿಟ್ಟು ನನ್ನ ಅಪ್ಪನ ಕಡೆ ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಪ್ಪ ಎಂದಿನಂತೆ ಆಕಾಶ ನೋಡುತ್ತಿದ್ದ.

ಆಗಿನ ಕಾಲಕ್ಕೆ ಸುದ್ದಿ ತಿಳಿಯುವುದು ಹೇಗೆ ಎಂದಿರಾ? ಆ ನಾಲ್ಕು ತಾಲೂಕಿನ ಬಸ್ಸುಗಳ ಕಂಡಕ್ಟರುಗಳೆಲ್ಲ ಅವಳ ಬೇಹುಗಾರರು. ಇಂಡಿಯ ನಿಲ್ದಾಣದಲ್ಲಿ ನಿಂಬೆಹಣ್ಣಿನ ಚೀಲಗಳ ನಡುವೆ ಅವಳು ಕಂಡರೆ ಸಾಕು, ಬಸ್ಸಿನಿಂದಲೇ ಕೂಗಿ ಹೇಳುವರು: “ಅವ್ವಾರ, ಕೊಲ್ಹಾರದ ಕಡೆ ಒಬ್ಬರು ಹೋಗ್ಯಾರಂತ ನೋಡ್ರಿ.” ಅವಳು ಅದೇ ಬಸ್ಸು ಹತ್ತುವಳು. ಸತ್ತವರು ಯಾರೆಂದು ಕೇಳುವುದು ಟಿಕೇಟು ತೆಗೆಸಿದ ಮೇಲೆ.

ನೀವು ನಗುತ್ತಿರಬಹುದು. ನಗಿರಿ. ಅವಳ ಜೊತೆ ಹೋಗಿ ಮಂದಿಯ ಮುಂದೆ ತಲೆ ತಗ್ಗಿಸಿ ನಿಂತವನು ನಾನು. ನನಗೆ ಅತ್ತೆಯ ಮೇಲೆ ಇದ್ದದ್ದು ಸಿಟ್ಟು, ಬರೀ ಸಿಟ್ಟು. ಅವಳಿಂದ ತಪ್ಪಿಸಿಕೊಳ್ಳಲೆಂದೇ ಓದಿ ಇಂಜಿನಿಯರಾದೆ ಎಂದರೂ ಸುಳ್ಳಲ್ಲ. ವಿದ್ಯುತ್ ಇಲಾಖೆಯಲ್ಲಿ ನೌಕರಿ ಸಿಕ್ಕಿತು. ಎಪ್ಪತ್ತರ ದಶಕದ ನಡುವೆ, ನೀರಿನಿಂದ ಕರೆಂಟು ತೆಗೆಯುವ ಯಂತ್ರಗಳ ತರಬೇತಿಗೆಂದು ನಾರ್ವೆ ದೇಶಕ್ಕೆ ಕಳಿಸಿದರು. ಭೂಮಿಯ ಆ ತುದಿ! ಅಲ್ಲಿಗೆ ಯಾವ ಬಸ್ಸೂ ಹೋಗುವುದಿಲ್ಲ. ಬಚಾವಾದೆ ಎಂದುಕೊಂಡೆ.

ಬಚಾವಾಗಲಿಲ್ಲ. ಯಾಕೆಂದರೆ ನಾಲ್ಕು ತಾಲೂಕಿನ ಮಣ್ಣುಗಳನ್ನೆಲ್ಲ ಮುಗಿಸಿದ ಅತ್ತೆಗೆ ತಪ್ಪಿಹೋಗಿದ್ದ ಒಂದೇ ಒಂದು ಮಣ್ಣು ನಾರ್ವೆಯಲ್ಲಿತ್ತು. ಅದು ಅವಳ ಸ್ವಂತ ತಮ್ಮನದು.

ಅವನು ನನ್ನ ಕಾಕಾ. ಎಲ್ಲರಿಗಿಂತ ಕಿರಿಯವನು. ಹೆತ್ತ ತಾಯಿ ಬಾಣಂತನದಲ್ಲೇ ತೀರಿದ್ದರಿಂದ ಅವನನ್ನು ಸಾಕಿದ್ದು ಅತ್ತೆ. ಮೀಸೆ ಮೂಡುವ ಮುಂಚೆ, ಯಾರಿಗೂ ಹೇಳದೆ ಸೊಲ್ಲಾಪುರದ ಗಾಡಿ ಹತ್ತಿ ಮುಂಬಯಿಗೆ ಓಡಿದ. ಅಲ್ಲಿಂದ ಹಡಗು ಸೇರಿದ. ಎಂಜಿನ್ ಕೋಣೆಯಲ್ಲಿ ಎಣ್ಣೆ ಹಾಕುವ ಕೆಲಸ. ಆಮೇಲೆ ಊರಿಗೆ ಬಂದದ್ದೂ ಇಲ್ಲ, ಅತ್ತೆ ಅವನ ಹೆಸರು ಹಿಡಿದು ಕರೆದದ್ದೂ ಇಲ್ಲ. ಅವನು ಬರೇ ‘ಆ ಭಾಡ್ಯಾ’. ಹೀಗಿರುವಾಗ ನಾರ್ವೆಯ ಉತ್ತರದ ಸಮುದ್ರದಲ್ಲಿ ಹಡಗಿನ ಮೇಲೆ ಕಾಯಿಲೆ ಬಿದ್ದನಂತೆ. ಹತ್ತಿರದ ಒಂದು ಸಣ್ಣ ಬಂದರಿನಲ್ಲಿ ಇಳಿಸಿದರಂತೆ. ಅಲ್ಲೇ ತೀರಿಕೊಂಡ, ಅಲ್ಲೇ ಹುಗಿದರು. ಸುದ್ದಿ ಮುಂಬಯಿ ಸುತ್ತಿ ಇಂಡಿಗೆ ಬಂದಾಗ ಎಲ್ಲಾ ಮುಗಿದು ಎಷ್ಟೋ ದಿನವಾಗಿತ್ತು.

“ನನಗ ಸುದ್ದಿ ಮುಟ್ಟಿಸದ ಹೆಂಗ ಮಣ್ಣು ಮಾಡಿದ್ರು?” ಎಂದು ಅತ್ತೆ ಓಣಿಗೆಲ್ಲ ಕೇಳುವಂತೆ ಕೂಗಾಡಿದಳು. ಅಳಲಿಲ್ಲ. ನಾರ್ವೆಯವರ ಮೇಲೆ ಸಿಟ್ಟು, ಟಪಾಲಿನವನ ಮೇಲೆ ಸಿಟ್ಟು, ಸತ್ತವನ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಇದಾಗಿ ಕೆಲವು ವರ್ಷಗಳ ಮೇಲೆ ನಾನು ಅದೇ ದೇಶಕ್ಕೆ ಹೋಗಿ ಕೂತರೆ ಅವಳು ಸುಮ್ಮನಿರುವಳೇ?

ಕೊರಳಿನ ಬಂಗಾರ ಮಾರಿದಳು. ಅಪ್ಪ ತಡೆಯಲು ನೋಡಿ ಸೋತ. ಪಾಸ್‌ಪೋರ್ಟಿನ ಕಚೇರಿಯಲ್ಲಿ ಸಾಹೇಬರು ಯಾತಕ್ಕೆ ಹೋಗುತ್ತೀರಿ ಎಂದು ಕೇಳಿದರಂತೆ.

“ಮಣ್ಣಿಗೆ ಹೊಂಟೇನಿ.”

“ಯಾವಾಗ ತೀರಿಕೊಂಡರು?”

“ಭಾಳ ದಿನ ಆತ್ರಿ.”

“ಹಾಗಾದರೆ ಈಗ ಹೋಗಿ ಏನು ಮಾಡುತ್ತೀರಿ?”

“ನಿಮ್ಮಂಥಾವ್ರು ಲಗೂ ಲಗೂ ಕೆಲಸ ಮಾಡಿದ್ರ ಆವಾಗನ ಹೋಗಿರ್ತಿದ್ದೆ.”

ನಮ್ಮ ಇಲಾಖೆಯ ಇನ್ನೊಬ್ಬ ಇಂಜಿನಿಯರ್ ಅದೇ ತರಬೇತಿಗೆ ಬರುವವನಿದ್ದ. ಪಾಪ, ಅವನ ಬೆನ್ನು ಹತ್ತಿ ಬಂದಳು. ನಾನಿದ್ದ ಬರ್ಗೆನ್ ಎಂಬ ಊರಿನ ವಿಮಾನ ನಿಲ್ದಾಣದಲ್ಲಿ ಅವಳನ್ನು ನನ್ನ ಕೈಗೆ ಒಪ್ಪಿಸಿದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ವಿಮಾನ ಮೋಡದಲ್ಲಿ ಕುಲುಕಿದಾಗಲೆಲ್ಲ ಅತ್ತೆ ಎದ್ದು ನಿಂತು, “ಇಲ್ಲಿ ಸತ್ರ ಮಣ್ಣು ಯಾರು ಕೊಡ್ತಾರ?” ಎಂದು ಅವನನ್ನು ಕೇಳಿದ್ದಳಂತೆ. “ನಿಮ್ಮ ಮನೆಯಿಂದ ಇನ್ನು ಯಾರಾದರೂ ಬರುವವರಿದ್ದರೆ ಮೊದಲೇ ತಿಳಿಸು, ರಾಜೀನಾಮೆ ಕೊಡುತ್ತೇನೆ” ಎಂದು ಹೇಳಿ ತಿರುಗಿ ನೋಡದೆ ನಡೆದ.

ಕಾಕಾನನ್ನು ಹುಗಿದ ಬಂದರಿಗೆ ಹೋಗಬೇಕಾದರೆ ಬರ್ಗೆನ್ನಿನಿಂದ ಟಪಾಲಿನ ಹಡಗು ಹತ್ತಬೇಕು. ನಮ್ಮ ಕಡೆಯ ಶಟಲ್ ಬಸ್ಸಿನ ಹಾಗೆ ಅದು ದಂಡೆಯ ಊರೂರಿಗೆ ನಿಂತು, ಟಪಾಲು, ಸಾಮಾನು, ಮಂದಿಯನ್ನು ಇಳಿಸುತ್ತ ಹತ್ತಿಸುತ್ತ ಉತ್ತರಕ್ಕೆ ಹೋಗುತ್ತದೆ. ಆ ದಾರಿ ನೋಡಲು ದೇಶದೇಶಗಳಿಂದ ಜನ ಬರುತ್ತಾರೆ. ನಾನೂ ಮೇಲಿನ ಸಾಹೇಬರ ಕೈಕಾಲು ಹಿಡಿದು ರಜೆ ಪಡೆದಿದ್ದೆ. ಹಾಳಾಗಲಿ, ಈ ನೆಪದಲ್ಲಾದರೂ ಅತ್ತೆಗೆ ನಾಲ್ಕು ಒಳ್ಳೆಯ ಊರು ತೋರಿಸೋಣ ಎಂದುಕೊಂಡೆ.

ಬರ್ಗೆನ್ನಿನ ಬಂದರಿನಲ್ಲಿ ಹಳೆಯ ಕಾಲದ ವ್ಯಾಪಾರಿಗಳ ಕಟ್ಟಿಗೆ ಮನೆಗಳ ಸಾಲಿದೆ. ಕೆಂಪು, ಹಳದಿ ಬಣ್ಣ. ಒಂದಕ್ಕೊಂದು ಒರಗಿ ನಿಂತಿವೆ. “ನೂರಾರು ವರ್ಷದ ವ್ಯಾಪಾರ ಅತ್ತಿ,” ಎಂದೆ.

“ಹಂಗಾರ ಭಾಳ ಮಂದಿ ಸತ್ತಿರಬೇಕಲ್ಲ. ಎಲ್ಲಿ ಮಣ್ಣು ಮಾಡ್ಯಾರ?”

ಹಡಗು ಹೊರಟಿತು. ಇಳಕಲ್ ಸೀರೆಯ ಮೇಲೆ ನನ್ನ ಉಣ್ಣೆಯ ಕೋಟು, ತಲೆಗೆ ಮಫ್ಲರ್, ಮಡಿಲಲ್ಲಿ ಸಜ್ಜೆ ರೊಟ್ಟಿಯ ಗಂಟು. ಅತ್ತೆ ಹಡಗಿನ ತೆರೆದ ಅಟ್ಟದ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಳು. ಎರಡೂ ಕಡೆ ಮುಗಿಲು ಮುಟ್ಟುವ ಬೆಟ್ಟಗಳು, ನಡುವೆ ಓಣಿಯಂತೆ ನುಗ್ಗಿ ನಿಂತ ಸಮುದ್ರ. ಅಲ್ಲಿಯವರು ಅದಕ್ಕೆ ಫಿಯರ್ಡ್ ಎನ್ನುತ್ತಾರೆ. ಬೆಟ್ಟದ ನೆತ್ತಿಯಿಂದ ನೀರು ಬೆಳ್ಳಗೆ ಧುಮುಕುತ್ತಿತ್ತು. ನನ್ನ ವಿದ್ಯೆ ತೋರಿಸಲು ಇದಕ್ಕಿಂತ ಒಳ್ಳೆಯ ಸಮಯ ಬೇಕೇ? ಆ ನೀರನ್ನು ಕೊಳವೆಯಲ್ಲಿ ಇಳಿಸಿ, ಯಂತ್ರ ತಿರುಗಿಸಿ, ಕರೆಂಟು ಹೇಗೆ ತೆಗೆಯುತ್ತಾರೆಂದು ಕೈ ಬೀಸಿ ವಿವರಿಸಿದೆ. ಪಕ್ಕದಲ್ಲಿದ್ದ ಇಬ್ಬರು ಜರ್ಮನರು ನಿಂತು ಕೇಳಿದರು, ಭಾಷೆ ತಿಳಿಯದಿದ್ದರೂ ತಲೆಯಾಡಿಸಿದರು. ಅತ್ತೆ ಬೆಟ್ಟವನ್ನೇ ದಿಟ್ಟಿಸುತ್ತಿದ್ದಳು.

“ಬರೇ ಕಲ್ಲು,” ಎಂದಳು. “ಹೊಲ ಎಲ್ಲಿ ಐತಿ? ಕಲ್ಲಿನ್ಯಾಗ ಕುಣಿ ಹೆಂಗ ತೋಡ್ತಾರ?”

ಅಲ್ಲಿಂದ ಹಿಡಿಯಿತು ಅವಳಿಗೆ ಆ ಚಿಂತೆ. ಎರೆಭೂಮಿಯಲ್ಲಿ ಹುಟ್ಟಿ ಬೆಳೆದವಳು. ಮಳೆಗಾಲದಲ್ಲಿ ಮೊಣಕಾಲಿನವರೆಗೆ ಕಾಲು ಹುಗಿಯುವ ಕಪ್ಪು ಮಣ್ಣು ಬಿಟ್ಟರೆ ಅವಳಿಗೆ ಬೇರೆ ನೆಲ ಗೊತ್ತಿಲ್ಲ. ಇಲ್ಲಿ ನೋಡಿದರೆ ದಂಡೆಯುದ್ದಕ್ಕೂ ಬೋಳು ಬಂಡೆ. ತಮ್ಮನನ್ನು ಮಣ್ಣಿನಲ್ಲಿ ಹುಗಿದಿದ್ದಾರೋ, ಕಲ್ಲಿನ ಸಂದಿಯಲ್ಲಿ ತುರುಕಿದ್ದಾರೋ? ಹಡಗು ನಿಂತ ಊರಲ್ಲೆಲ್ಲ ಇಳಿದು ನೆಲ ಕೆರೆದು ನೋಡತೊಡಗಿದಳು. ಓಲೆಸುಂಡ್ ಎಂಬ ಚಂದದ ಊರಿನಲ್ಲಿ, ಬಂದರಿನ ಎದುರಿನ ಹೂವಿನ ಪಾತಿಯಲ್ಲಿ ಕೂತು ಎರಡೂ ಕೈಯಿಂದ ತೋಡುತ್ತಿದ್ದಾಗ ಪೊಲೀಸಿನವನು ಬಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇವರು ನಮ್ಮ ದೇಶದ ದೊಡ್ಡ ಕೃಷಿ ತಜ್ಞರು ಎಂದುಬಿಟ್ಟೆ. ಅವನು ಟೊಪ್ಪಿಗೆ ಮುಟ್ಟಿ, ಮಣ್ಣು ಹೇಗಿದೆ ಎಂದು ಬಹಳ ಮರ್ಯಾದೆಯಿಂದ ಕೇಳಿದ.

“ಮಡ್ಡಿ ಐತಿ ಅನ್ನು. ಎರಿ ಅಲ್ಲ. ಸಜ್ಜಿ ಬಿತ್ತಿದ್ರ ಬಂದೀತು,” ಎಂದಳು ಅತ್ತೆ.

ಕಲ್ಲುಗರಸಿನ ಬಡ ನೆಲ ಎಂದದ್ದನ್ನು ಬಹಳ ಉತ್ತಮ ಮಣ್ಣಂತೆ ಎಂದು ಅನುವಾದಿಸಿ, ಅವಳನ್ನು ರಟ್ಟೆ ಹಿಡಿದು ಎಬ್ಬಿಸಿದೆ.

ಟ್ರೋಂಡ್‌ಹೈಮಿನಲ್ಲಿ ಹಡಗು ಬಹಳ ಹೊತ್ತು ನಿಲ್ಲುತ್ತದೆ. ಹಿಂದಿನ ರಾಜರ ಊರು. ಹೊಳೆಯ ದಂಡೆಗೆ ಕಂಬಗಳ ಮೇಲೆ ನಿಂತ ಹಳೆಯ ಉಗ್ರಾಣಗಳು, ಊರ ತುಂಬ ಗಂಟೆಯ ಸದ್ದು. ನಾನು ಅಂಗಡಿಯಲ್ಲಿ ಅವಳಿಗೆ ಕೈಚೀಲ ನೋಡುತ್ತಿದ್ದೆ, ತಿರುಗಿ ನೋಡಿದರೆ ಅತ್ತೆ ಇಲ್ಲ! ಓಡಿ ಓಡಿ ಹುಡುಕಿ, ಕೊನೆಗೆ ಸಿಕ್ಕಿದ್ದೆಲ್ಲಿ? ಒಂದು ಚರ್ಚಿನ ಹಿತ್ತಲಲ್ಲಿ. ಅಲ್ಲಿ ಯಾರದೋ ಮಣ್ಣು ನಡೆದಿತ್ತು. ಕರಿ ಬಟ್ಟೆಯವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಮ್ಮ ಅತ್ತೆ! ನಾನು ಹತ್ತಿರ ಹೋಗುವಷ್ಟರಲ್ಲಿ ಹಿಡಿ ಮಣ್ಣು ಹಾಕಿಯಾಗಿತ್ತು. ಪಾದ್ರಿಗಳ ಕಡೆ ತಿರುಗಿ, ಮನುಷ್ಯನನ್ನು ಕೂಡಿಸದೆ ಹೀಗೆ ಮಲಗಿಸಿದ್ದು ಯಾಕೆಂದು ಕನ್ನಡದಲ್ಲೇ ದಬಾಯಿಸುತ್ತಿದ್ದಳು.

ಸತ್ತವನ ಹೆಂಡತಿಯಿರಬೇಕು, ಒಬ್ಬ ಮುದುಕಿ ಮುಂದೆ ಬಂದಳು. ಈಗ ಏಟು ಬೀಳುತ್ತದೆ, ಬೀಳಲಿ, ಎಂದುಕೊಂಡೆ. ಆಕೆ ಅತ್ತೆಯ ಮಣ್ಣಾದ ಕೈಯನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ತನ್ನ ಗಂಡನಿಗೆ ಈ ಸೀರೆಯುಟ್ಟ ಹೆಂಗಸಿನ ಪರಿಚಯ ಯಾವಾಗಿನಿಂದ ಎಂಬ ಪ್ರಶ್ನೆ ಆಕೆಗೆ ಆಮೇಲೆ ಹೊಳೆದಿದ್ದರೂ ಹೊಳೆದಿರಬಹುದು.

ಹಡಗಿಗೆ ಮರಳಿದ ಮೇಲೆ ನನ್ನ ಸಿಟ್ಟು ಕಟ್ಟೆಯೊಡೆಯಿತು. ಸುತ್ತಲೂ ಪ್ರವಾಸಿಗಳಿದ್ದಾರೆಂಬ ಖಬರೂ ಇಲ್ಲದೆ ಕೂಗಾಡಿದೆ.

“ಮಂದಿ ಇಲ್ಲಿಗೆ ಗುಡ್ಡ ನೋಡಾಕ ಬರ್ತಾರ, ನೀ ಹೆಣ ಹುಡುಕ್ಕೋತ ಬಂದೀದಿ. ನನ್ನ ಮಾನ ಹರಾಜ ಹಾಕಿದಿ. ಸತ್ತು ವರ್ಷಾನುಗಟ್ಟಲೆ ಆತು ಕಾಕಾ. ಈಗ ಹೋಗಿ ಒಂದು ಹಿಡಿ ಮಣ್ಣು ಹಾಕಿದ್ರ ಬರೂದೇನು, ಹಾಕದಿದ್ರ ಹೋಗೂದೇನು?”

ಅತ್ತೆ ನನಗಿಂತ ದೊಡ್ಡ ದನಿಯಲ್ಲಿ ಬೈಯುತ್ತಾಳೆಂದು ಕಾದೆ. ಅವಳು ರೊಟ್ಟಿ ಮುರಿಯುತ್ತ ಹೇಳಿದಳು:

“ನಾ ಮಣ್ಣು ಕೊಟ್ಟವರೆಲ್ಲಾ ಸತ್ತಾರ. ಅವರ ನೆನಪಾದ್ರ ಅತ್ತು ಸುಮ್ಮನಾಗ್ತೇನಿ. ಈ ಭಾಡ್ಯಾ ಇನ್ನೂ ಸತ್ತಿಲ್ಲ ನನ್ನ ಪಾಲಿಗೆ. ಬಾಗಲಾ ಸಪ್ಪಳ ಆದ್ರ ಬಂದನೇನು ಅಂತ ಏಳ್ತೇನಿ. ವಯಸ್ಸಾತು ತಮ್ಮಾ, ಎಷ್ಟ ಸಲ ಏಳ್ಲಿ?”

ಅವಳು ಚಾಚಿದ ರೊಟ್ಟಿ ತೆಗೆದುಕೊಂಡು ತಿಂದೆ. ಸಿಟ್ಟು ಇಳಿಯಿತು ಎಂದು ತಿಳಿಯಬೇಡಿ. ರೊಟ್ಟಿ ತಿಂದೆನಲ್ಲ ಎಂದು ಇನ್ನಷ್ಟು ಏರಿತು.

ಉತ್ತರಕ್ಕೆ ಹೋದಂತೆ ಹೊಸ ಪೀಡೆ ಶುರುವಾಯಿತು. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಅತ್ತೆಗೋ ಹೊತ್ತು ಮುಳುಗಿದ ಮೇಲೆ ಕೈಕಾಲು ತೊಳೆದು ಲಿಂಗಪೂಜೆ, ಪೂಜೆಯಾದ ಮೇಲೆಯೇ ಊಟ. ಅಂಗೈಯಲ್ಲಿ ಲಿಂಗ ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಳು. ಸೂರ್ಯ ಸಮುದ್ರದ ಅಂಚಿಗೆ ಬಂದ, ಇನ್ನೇನು ಮುಳುಗಿದ ಎನ್ನುವಾಗ ಮತ್ತೆ ಮೇಲೆ ಹೊರಟ!

“ಹಡಗಾ ಹೊಡೆಯಾವಗ ಹೇಳು. ಇದೇನು ಅಡ್ಡ ದಾರಿ ಹಿಡದಾನ? ನಮ್ಮ ಹಾದಿ ಇದಲ್ಲ.”

ಮುಳುಗದ ಸೂರ್ಯನನ್ನು ನೋಡಲು ಜನ ಸಾವಿರಾರು ಮೈಲಿಯಿಂದ ಬಂದು ಕ್ಯಾಮೆರಾ ಹಿಡಿದು ನಿಂತಿದ್ದರೆ, ನಾನು ಊಟ ಬಿಟ್ಟು ಕೂತ ಅತ್ತೆಗೆ ಗಡಿಯಾರ ತೋರಿಸಿ ಇಂಡಿಯಲ್ಲಿ ಈಗ ಮಧ್ಯರಾತ್ರಿ ಕಳೆದಿದೆ ಎಂದು ಗೋಗರೆಯುತ್ತಿದ್ದೆ. ಕೊನೆಗೆ ಇಂಡಿಯ ಹೊತ್ತಿಗೇ ಪೂಜೆ ಮಾಡಲು ಒಪ್ಪಿದಳು. ಒಪ್ಪಿದ್ದಕ್ಕೆ ಕಾರಣ ನನ್ನ ಮಾತಲ್ಲ, ಹಸಿವು.

ಮಾರನೆಯ ಸಂಜೆ ನಾವು ಇಳಿಯಬೇಕಾದ ಬಂದರು ಬಂತು. ಹೆಸರು ಈಗಲೂ ನನ್ನ ನಾಲಗೆಗೆ ಹೊರಳುವುದಿಲ್ಲ. ಗರಗಸದ ಹಲ್ಲಿನಂಥ ಬೆಟ್ಟ, ಅದರ ಬುಡದಲ್ಲಿ ಹತ್ತಾರು ಕೆಂಪು ಮನೆ, ದೋಣಿಗಳು. ಎಲ್ಲೆಲ್ಲೂ ಉದ್ದುದ್ದ ಗಳಗಳ ಮೇಲೆ ಏನನ್ನೋ ಸಾಲಾಗಿ ಒಣಹಾಕಿದ್ದರು.

“ಶಾವಿಗಿ ಹಾಕ್ಯಾರ ನೋಡು. ಮನಿತನಸ್ಥ ಮಂದಿ ಇದ್ದಂಗ ಕಾಣಸ್ತೈತಿ,” ಎಂದಳು ಅತ್ತೆ, ಪ್ರವಾಸದಲ್ಲಿ ಮೊದಲ ಸಲ ಸಮಾಧಾನದಿಂದ. ಅದು ಮೀನು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಗಾಳಿ ತಿರುಗಿದ ಕೂಡಲೆ ಅವಳ ಮೂಗೇ ಹೇಳಿತು. ಸೆರಗು ಮುಖಕ್ಕೆ ಒತ್ತಿಕೊಂಡು ದಡದಡ ನಡೆದಳು.

ಚರ್ಚಿನ ಕಾವಲುಗಾರ, ಒಬ್ಬ ತೆಳ್ಳನೆಯ ಮುದುಕ, ನಮ್ಮನ್ನು ಸ್ಮಶಾನಕ್ಕೆ ಕರೆದೊಯ್ದ. ಹಡಗಿನ ಮಂದಿ ತಂದು ಬಿಟ್ಟ ಆ ಕಂದು ಬಣ್ಣದ ಮನುಷ್ಯನ ನೆನಪು ಅವನಿಗೆ ಚೆನ್ನಾಗಿತ್ತು. ಬಂಡೆಗಳ ನಡುವೆ ಅಂಗೈಯಗಲದ ಹಸಿರು ಜಾಗ. ಇಲ್ಲಿ ನೆಲವೆಲ್ಲ ಕಲ್ಲು, ಹುಗಿಯಲೆಂದು ಈ ಮಣ್ಣನ್ನು ಹಿಂದಿನವರು ದೂರದಿಂದ ದೋಣಿಗಳಲ್ಲಿ ತಂದು ಹಾಕಿದರು ಎಂದ. ಅತ್ತೆಗೆ ಹೇಳಿದೆ. ಅವಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕೈಮುಗಿದಳು. ಅವಳು ಮಣ್ಣಿಗೆ ಹೋದಲ್ಲಿ ಯಾರಿಗಾದರೂ ಕೈಮುಗಿದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಕೊನೆಯ ಸಾಲಿನಲ್ಲಿ ಕಾಕಾ. ಒಂದು ಕಟ್ಟಿಗೆಯ ಹಲಗೆ, ಹೆಸರು, ಒಪ್ಪವಾಗಿ ಕತ್ತರಿಸಿದ ಹುಲ್ಲು. ಅತ್ತೆ ಪಕ್ಕದಲ್ಲಿ ಕೂತಳು. ನಾನು ಕಾವಲುಗಾರನಿಗೆ ಮೊದಲೇ ಕ್ಷಮೆ ಕೇಳಿ ದೂರ ನಿಂತೆ. ಇನ್ನು ಇವಳ ಬಾಯಿಗೆ ಬೆಟ್ಟವೂ ಅಡ್ಡ ಬರಲಾರದೆಂದು ನನಗೆ ಗೊತ್ತಿತ್ತು.

“ಹೇಳದ ಹೋದಿ,” ಎಂದು ಶುರುಮಾಡಿದಳು. “ಹೋಗಾಗರ ಹೇಳಲಿಲ್ಲ. ಸಾಯಾಗರ ಹೇಳಿ ಕಳಿಸಲಿಲ್ಲ. ಅಕ್ಕ ಬೈತಾಳ ಅಂತ ಅಂಜಿ ಇಷ್ಟು ದೂರ ಬಂದು ಸತ್ತೇನು? ಬೈಯಾಕ ಬಂದೇನಿ ನೋಡು. ಎಲ್ಲಿಗೆ ಓಡಿ ಹೊಕ್ಕಿ ಈಗ?”

ಬೈದಳು. ಅವನು ಕದ್ದು ಹತ್ತಿದ ರೈಲನ್ನು ಬೈದಳು, ಹಡಗನ್ನು ಬೈದಳು, ಸಮುದ್ರವನ್ನು ಬೈದಳು. ಬೈಯುತ್ತಲೇ ಹುಲ್ಲು ಸರಿಸಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಕೈ ಮೇಲೆತ್ತಿದಳು. ಇನ್ನೇನು ಮುಗಿಯಿತು, ಎಂದುಕೊಂಡೆ.

ಕೈ ಹಾಗೇ ನಿಂತಿತು. ಬೈಗುಳವೂ ನಿಂತಿತು. ಕಾದೆ. ಹತ್ತಿರ ಹೋಗಿ, “ಅತ್ತಿ, ಹಾಕು” ಎಂದೆ. ಅವಳು ಮುಷ್ಟಿ ಇನ್ನೂ ಬಿಗಿ ಮಾಡಿದಳು. ನಾಲ್ಕು ತಾಲೂಕಿಗೆ ಮಣ್ಣು ಕೊಟ್ಟ ಕೈ ಬಿಚ್ಚಲಿಲ್ಲ.

“ಸಣ್ಣಾವ ಇದ್ದಾಗ ಮಣ್ಣು ತಿಂತಿದ್ದ ತಮ್ಮಾ ಇಂವ,” ಎಂದಳು. “ಕಣ್ಣು ತಪ್ಪಿಸಿ ಗ್ವಾಡಿ ಕೆರಕೊಂಡು ತಿಂತಿದ್ದ. ನಾನೂ ಸಣ್ಣಾಕಿನ. ಹೊಡದು, ಬಾಯಾಗ ಬೆರಳು ಹಾಕಿ, ಎಲ್ಲಾ ತಗೀತಿದ್ದೆ. ದಿನಾ ತಗದೇನಿ. ಈಗ ನನ್ನ ಕೈಲೇ ಹೆಂಗ ಹಾಕ್ಲಿ?”

ನಾನು ಅವಳ ಎದುರು ಮಂಡಿಯೂರಿ ಕೂತು, ಆ ಮುಷ್ಟಿಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಒಂದೊಂದೇ ಬೆರಳು ಬಿಡಿಸಿ ಮಣ್ಣನ್ನು ನನ್ನ ಅಂಗೈಗೆ ತೆಗೆದುಕೊಂಡೆ. ಅತ್ತೆ ಮುಖ ಆ ಕಡೆ ತಿರುಗಿಸಿದಳು. ನಾನೇ ಹಾಕಿದೆ.